ಸೇವೆಗೆ ಬಂದವರು ಎಲ್ಲಿ ಇರಬೇಕು?

ಸಭಾಪಾಲಕರು, ಅಂದರೆ ಪಾಸ್ಟರ್, ನಿವೃತ್ತಿಯಾಗುವ ಭಾನುವಾರ ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ಕ್ರಮ ಇದೆ. ಆರಾಧನೆ ಮುಗಿದ ಮೇಲೆ ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ. ಹಿರಿಯರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಸ್ತ್ರೀಯರ ಕೂಟದವರು ಹಾಡುತ್ತಾರೆ. ಸಂಡೇ ಸ್ಕೂಲ್ ಮಕ್ಕಳು ತಾವೇ ಬರೆದ ಕಾರ್ಡು ಕೊಡುತ್ತಾರೆ. ಸಭಾಪಾಲಕರ ಹೆಂಡತಿ ಅಮ್ಮನವರಿಗೆ ಒಂದು ಸೀರೆ, ಬಂದವರಿಗೆಲ್ಲ ಊಟ. ಇದನ್ನೆಲ್ಲ ಜನ ಮನಸಾರೆ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ತಿಂಗಳಿಂದ ಆ ಗಂಡ ಹೆಂಡತಿ ಎಲ್ಲಿ ಇರುತ್ತಾರೆ ಅನ್ನುವ ಮಾತನ್ನು ಯಾರೂ ಎತ್ತುವುದಿಲ್ಲ. ಅವರು ಇಷ್ಟು ದಿನ ಇದ್ದದ್ದು ಸಭೆಯ ಮನೆ. ಹೊಸ ಸಭಾಪಾಲಕರು ಬರುತ್ತಾರೆ, ಖಾಲಿ ಮಾಡಿಕೊಡಬೇಕು. ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ ಅವರು ಬಾಡಿಗೆ ಮನೆ ಹುಡುಕಲು ಹೊರಡುತ್ತಾರೆ.

ಈ ಮಾತನ್ನು ಗಟ್ಟಿಯಾಗಿ ಎತ್ತಬೇಕು ಅಂತಲೇ ಬರೆಯುತ್ತಿದ್ದೇನೆ. ನಾನು ಸುವಾರ್ತಿಕರ, ಅಂದರೆ ಊರೂರಿಗೆ ಹೋಗಿ ಕ್ರಿಸ್ತನ ಸಂದೇಶ ಸಾರುವವರ, ಮಗಳು. ಅಪ್ಪ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಸೇವೆ ಮಾಡಿದವರು. ನಾನೀಗ ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಮನೆ ಸಾಲದ ಅರ್ಜಿ ನೋಡುವುದೇ ನನ್ನ ದಿನದ ಕೆಲಸ. ಹಾಗಾಗಿ ಸ್ವಂತ ಮನೆ ಇಲ್ಲದವರ ಪಾಡನ್ನು ಮನೆಯೊಳಗಿಂದಲೂ ನೋಡಿದ್ದೇನೆ, ಕೌಂಟರ್ ಈಚೆಯಿಂದಲೂ ನೋಡುತ್ತಿದ್ದೇನೆ. ಮತಾಂತರದ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಆ ಚರ್ಚೆಗೆ ಬೇರೆ ಜಾಗ ಇದೆ. ಇಲ್ಲಿ ನಾನು ಹೇಳಹೊರಟಿರುವುದು ಒಂದು ಕುಟುಂಬದ ಸೂರಿನ ವಿಷಯ.

ಮಿಷನರಿ ಅಂದರೆ ಬಿಳಿ ದೊರೆ, ದೊಡ್ಡ ಬಂಗಲೆ, ಸುತ್ತ ಕಾಂಪೌಂಡು ಅನ್ನುವ ಚಿತ್ರ ಇನ್ನೂ ಎಷ್ಟೋ ಜನರ ತಲೆಯಲ್ಲಿದೆ. ವೆಸ್ಲಿಯನ್ ಮಿಷನ್ ಇದ್ದ ಕಾಲದಲ್ಲಿ ಹಳೇ ಮೈಸೂರಿನ ಊರುಗಳಲ್ಲಿ ಅಂಥ ಬಂಗಲೆಗಳು ಇದ್ದದ್ದು ನಿಜ. ಆ ಕಾಲ ಮುಗಿದು ಬಹಳ ವರ್ಷವಾಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಹೊರದೇಶದವರು ನಿಧಾನಕ್ಕೆ ವಾಪಸ್ ಹೋದರು. ಭಾರತದವರೇ ಭಾರತದ ಕಾಣಿಕೆಯಿಂದ ನಡೆಸುವ ಸಂಸ್ಥೆಗಳು ಬೆಳೆದವು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್ 1965ರಲ್ಲಿ ಶುರುವಾದದ್ದು ಹಾಗೆಯೇ. ಇವತ್ತು ಮಲೆನಾಡಿನ ಮೂಲೆಯಲ್ಲಿ ಸೇವೆಯಲ್ಲಿರುವವರು ಕೋಲಾರದ ಕಡೆಯವರೋ, ತಮಿಳುನಾಡಿನವರೋ, ಕೇರಳದವರೋ ಆಗಿರುತ್ತಾರೆ. ಸಾಮಾನ್ಯ ಮನೆತನದವರು. ಗಂಡನಿಗೊಂದು ಬೈಕು, ಹೆಂಡತಿಗೊಂದು ಹೊಲಿಗೆ ಮಿಷಿನ್, ಇಬ್ಬರು ಮಕ್ಕಳು.

ಕ್ಯಾಥೊಲಿಕ್ ಫಾದರ್‌ಗಳು, ಸಿಸ್ಟರ್‌ಗಳ ವಿಷಯ ಬೇರೆ. 1988ರಲ್ಲಿ ಶಿವಮೊಗ್ಗಕ್ಕೆ ಸ್ವಂತ ಧರ್ಮಪ್ರಾಂತ್ಯ ಆಯಿತು, ಬಿ.ಎಚ್. ರಸ್ತೆಯ ದೊಡ್ಡ ದೇವಾಲಯ ಎಲ್ಲರಿಗೂ ಗೊತ್ತು. ಅವರು ಮದುವೆಯಾಗುವುದಿಲ್ಲ. ಅವರದ್ದು ದೊಡ್ಡ ತ್ಯಾಗವೇ. ಆದರೆ ಇರಲಿಕ್ಕೆ ಗುರುಮನೆಯೋ ಕಾನ್ವೆಂಟೋ ಇರುತ್ತದೆ, ವಯಸ್ಸಾದ ಮೇಲೆ ಅವರ ಸಭೆಯೇ ನೋಡಿಕೊಳ್ಳುತ್ತದೆ. ಪ್ರೊಟೆಸ್ಟೆಂಟ್ ಸೇವಕರು ಸಂಸಾರಸ್ಥರು. ಒಬ್ಬರು ದೇವರಿಗೆ ಹೂಂ ಅಂದರೆ ನಾಲ್ಕು ಜನ ಮನೆ ಬಿಟ್ಟು ಹೊರಡಬೇಕು. ನನ್ನ ಮಾತೆಲ್ಲ ಆ ಉಳಿದ ಮೂವರ ಬಗ್ಗೆ.

ಇದು ಇವತ್ತಿನ ಕಥೆ ಅಲ್ಲ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದಾಗ ಹೆಂಡತಿ ಡೊರೊಥಿಗೆ ಬರುವ ಮನಸ್ಸೇ ಇರಲಿಲ್ಲ. ಕೊನೇ ಗಳಿಗೆಯಲ್ಲಿ, ಕೈಗೂಸನ್ನು ಎತ್ತಿಕೊಂಡು, ತಂಗಿಯೂ ಜೊತೆಗೆ ಬಂದರೆ ಮಾತ್ರ ಬರುತ್ತೇನೆ ಅಂತ ಹಡಗು ಹತ್ತಿದರು. ಬಂದ ಮೇಲೆ ಮನೆಯಿಂದ ಮನೆಗೆ ಅಲೆದಾಟ, ಕಾಯಿಲೆ. ಮಾರನೇ ವರ್ಷವೇ ಪೀಟರ್ ಅನ್ನುವ ಪುಟ್ಟ ಮಗ ತೀರಿಕೊಂಡ. ಡೊರೊಥಿಯ ಮನಸ್ಸು ಕೆಟ್ಟುಹೋಯಿತು, 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಕೇರಿ ಎಷ್ಟು ಭಾಷೆಗಳಿಗೆ ಬೈಬಲ್ ತಂದರು ಅಂತ ನಮಗೆ ಸಂಡೇ ಸ್ಕೂಲಿನಲ್ಲಿ ಕಲಿಸಿದರು. ಡೊರೊಥಿಯ ಹೆಸರು ಹೇಳಿಕೊಟ್ಟ ನೆನಪು ನನಗಿಲ್ಲ.

ನಮ್ಮ ಕನ್ನಡ ನಾಡಿಗೆ ಬಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಮೂವರು ಬಂದರು. ಆ ಸಂಸ್ಥೆಯ ನಿಯಮ ಬಿಗಿ. ಒಂಟಿಯಾಗಿ ಬರಬೇಕು. ಕೆಲವು ವರ್ಷ ದುಡಿದ ಮೇಲೆ ಮದುವೆಗೆ ಬಾಸೆಲ್‌ನ ಕಮಿಟಿಯ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಕ್ಕರೆ ಹೆಣ್ಣು ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದಳು. ಎಷ್ಟೋ ಹೆಣ್ಣುಮಕ್ಕಳು ಕಟ್ಟಿಕೊಳ್ಳುವ ಗಂಡಿನ ಮುಖವನ್ನು ಸರಿಯಾಗಿ ನೋಡದೆಯೇ ಊರು ಬಿಟ್ಟು ಬಂದವರು. ನಾವು ಇವತ್ತಿಗೂ ಕೈಗೆತ್ತಿಕೊಳ್ಳುವ 1894ರ ನಿಘಂಟು ಕೊಟ್ಟ ಕಿಟ್ಟೆಲ್ ಅವರ ಮೊದಲ ಹೆಂಡತಿ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡರು. ಆಮೇಲೆ ಅವರ ಸೋದರಿಯನ್ನೇ ಕಿಟ್ಟೆಲ್ ಮದುವೆಯಾದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಈ ಸೇವೆಗೆ ಸಂದರು.

ಮಕ್ಕಳ ವಿಷಯ ಇನ್ನೂ ಕಷ್ಟದ್ದು. ಶಾಲೆಗೆ ಹೋಗುವ ವಯಸ್ಸು ಬಂದರೆ ಮಕ್ಕಳನ್ನು ಯೂರೋಪಿಗೆ ಕಳಿಸಬೇಕು ಅಂತ ಬಾಸೆಲ್‌ನವರು 1853ರಲ್ಲಿ ನಿಯಮವನ್ನೇ ಮಾಡಿದರು. ಅಲ್ಲಿ ಅದಕ್ಕಾಗಿ ಮಕ್ಕಳ ಮನೆ ಇತ್ತು. ಆರು ಏಳು ವರ್ಷದ ಮಗುವನ್ನು ಹಡಗು ಹತ್ತಿಸಿದರೆ ಮತ್ತೆ ನೋಡುವುದು ಯಾವಾಗಲೋ. ಮಲಯಾಳಂ ನಿಘಂಟು ಬರೆದ ಹೆರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಬಾಲ್ಯವನ್ನೆಲ್ಲ ಅಪ್ಪ ಅಮ್ಮನಿಂದ ದೂರ ಯೂರೋಪಿನಲ್ಲಿ ಕಳೆದು, ಹದಿಹರೆಯದಲ್ಲಿ ತಿರುಗಿ ಬಂದಳು. ಹೆತ್ತವರ ಪರಿಚಯವನ್ನು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಅವಳ ಮಗನೇ ಮುಂದೆ ನೊಬೆಲ್ ಪಡೆದ ಹೆರ್ಮನ್ ಹೆಸ್ಸೆ. ಆ ದೊಡ್ಡ ಹೆಸರಿಗಿಂತ ನನ್ನನ್ನು ಕಾಡುವುದು ಆ ಹುಡುಗಿ ಬಂದರಿನಲ್ಲಿ ಇಳಿದು ಇವರೇ ನಿನ್ನ ಅಮ್ಮ ಅನ್ನಿಸಿಕೊಂಡಿರಬಹುದಾದ ಹೊತ್ತು.

ಇದೇ ಬಾಸೆಲ್ ಮಿಷನ್ನಿನವರು ಮಲೆನಾಡಿಗೆ ಕೊಟ್ಟದ್ದನ್ನೂ ಹೇಳಬೇಕು. ಆ ಕಾಲದಲ್ಲಿ ಕ್ರೈಸ್ತರಾದವರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಕುಲಕಸುಬೂ ಹೋಗುತ್ತಿತ್ತು. ಅವರಿಗೆ ಕೆಲಸ ಕೊಡಲಿಕ್ಕೆ ಅಂತ ನೇಯ್ಗೆ ಶುರು ಮಾಡಿದರು, ಪ್ರೆಸ್ ಹಾಕಿದರು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಬಂದದ್ದೇ ಮಂಗಳೂರು ಹೆಂಚು. ಹುಲ್ಲು, ಸೋಗೆ ಹೊದಿಸಿದ್ದ ಎಷ್ಟೋ ಮನೆಗಳ ಮೇಲೆ ಆ ಕೆಂಪು ಹೆಂಚು ಬಂದು ಕೂತಿತು. ಮನೆ ಕಳೆದುಕೊಂಡವರ ಕೈಯಿಂದ ಊರಿಗೆಲ್ಲ ಮಾಡು ಬಂತು. ನನ್ನ ಅಪ್ಪ ಇದನ್ನು ಹೇಳುವಾಗಲೆಲ್ಲ ತಲೆ ಎತ್ತಿ ಹೆಂಚು ನೋಡುತ್ತಿದ್ದರು.

ನಮ್ಮ ಮೇಲಿದ್ದದ್ದೂ ಅದೇ ಹೆಂಚು. ಮಲೆನಾಡಿನ ಬಾಡಿಗೆ ಮನೆ ಅಂದರೆ ಏನು ಅಂತ ಬಯಲುಸೀಮೆಯಿಂದ ಬಂದ ಸೇವಕರಿಗೆ ಮೊದಲನೇ ಮಳೆಗಾಲ ಕಲಿಸಿಬಿಡುತ್ತದೆ. ಮೇ ತಿಂಗಳಲ್ಲಿ ನೋಡಿ ಒಪ್ಪಿಕೊಂಡ ಮನೆಯೇ ಜುಲೈನಲ್ಲಿ ಬೇರೆ. ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿರಬೇಕು. ಮಂಗ ಒಡೆದ ಹೆಂಚು, ಜಾರಿದ ಹೆಂಚು ಎಲ್ಲ ತೆಗೆದು ಹೊಸದಾಗಿ ಜೋಡಿಸಬೇಕು. ಅದು ಮಾಲೀಕರ ಕೆಲಸವೋ ಬಾಡಿಗೆಯವರ ಕೆಲಸವೋ ಅನ್ನುವುದು ಪ್ರತಿ ವರ್ಷದ ಜಗ್ಗಾಟ. ಯಾರೂ ಮಾಡಿಸದಿದ್ದರೆ ರಾತ್ರಿ ಹಾಸಿಗೆ ಮೇಲೆ ನೀರು. ಅಮ್ಮ ಒಂದು ಬಿದಿರಿನ ಗಳು ಇಟ್ಟುಕೊಂಡಿದ್ದರು. ಸೋರುವ ಕಡೆ ಒಳಗಿನಿಂದಲೇ ಹೆಂಚನ್ನು ಮೆಲ್ಲಗೆ ತಳ್ಳಿ ಸರಿಮಾಡುವರು. ಸ್ವಲ್ಪ ಜಾಸ್ತಿ ತಳ್ಳಿದರೆ ಪಕ್ಕದ ಹೆಂಚು ಎದ್ದು ಅಲ್ಲಿ ಸೋರುತ್ತದೆ. ಅಪ್ಪ ಹಳ್ಳಿ ಕಡೆ ಹೋಗಿ ರಾತ್ರಿ ಬಾರದ ದಿನ ಅಮ್ಮ ಒಬ್ಬರೇ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಗಳು ಹಿಡಿದು ಸ್ಟೂಲಿನ ಮೇಲೆ ನಿಲ್ಲುತ್ತಿದ್ದರು. ಸ್ಟೂಲು ಅಲುಗದಂತೆ ಹಿಡಿದುಕೊಳ್ಳುವುದು ನನ್ನ ಕೆಲಸ.

ಜಗಲಿಗೆ ಎರಚಲು ಹೊಡೆಯದಂತೆ ಅಡಿಕೆ ಸೋಗೆ ಕಟ್ಟಬೇಕು. ಅದನ್ನು ಕಟ್ಟುವ ಬಗೆ ಅಮ್ಮ ಅಕ್ಕಪಕ್ಕದವರನ್ನು ನೋಡಿ ಕಲಿತರು. ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೆ ಯೂನಿಫಾರಂ ಎಲ್ಲ ಹೊಗೆ ವಾಸನೆ. ಅಪ್ಪನ ಪುಸ್ತಕಗಳಿಗೆ ಬೂಷ್ಟು. ಬೈಬಲ್ಲಿನ ಕಪ್ಪು ರಟ್ಟಿನ ಮೇಲೆ ಬಿಳಿ ಪುಡಿ ಹಿಡಿಯುತ್ತಿತ್ತು. ಅಮ್ಮ ಅದನ್ನು ಒಣಬಟ್ಟೆಯಲ್ಲಿ ಒರೆಸಿ, ಒಲೆಯ ಹತ್ತಿರದ ಗೂಡಿನಲ್ಲಿ ಇಡುವರು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಇಂಬಳ. ಮಳೆ ನಿಂತು ಬೇಸಿಗೆ ಬಂದರೆ ಮಂಗನ ಕಾಯಿಲೆಯ ಭಯ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಆ ಕಾಯಿಲೆ ಇನ್ನೂ ಹೋಗಿಲ್ಲ. ಸಾಗರ ತಾಲೂಕಿನ ಅರಳಗೋಡಿನ ಕಡೆ 2019ರಲ್ಲಿ ಅದು ಮಾಡಿದ ಸಂಕಟ ಎಲ್ಲರಿಗೂ ನೆನಪಿದೆ. ಹುಟ್ಟಿ ಬೆಳೆದ ಮಲೆನಾಡಿನವರಿಗೂ ಇದೆಲ್ಲ ಕಷ್ಟವೇ. ಆದರೆ ಅವರಿಗೆ ಸ್ವಂತ ಮಾಡು ಇದೆ, ಕರೆದರೆ ಓಡಿ ಬರುವ ನೆಂಟರಿದ್ದಾರೆ. ಸೇವೆಗೆ ಬಂದವರಿಗೆ ಎರಡೂ ಇರುವುದಿಲ್ಲ.

ಮನೆ ಸಿಗುವುದೇ ಮೊದಲನೇ ಕಷ್ಟ. ಅಪ್ಪ ಯಾವತ್ತೂ ಮುಚ್ಚಿಟ್ಟು ಮನೆ ಕೇಳಲಿಲ್ಲ. ನಾವು ಕ್ರೈಸ್ತರು, ನಾನು ಸುವಾರ್ತಿಕ ಅಂತ ಮೊದಲೇ ಹೇಳುವರು. ಕೆಲವರು ಮುಖದ ಮೇಲೇ ಆಗುವುದಿಲ್ಲ ಅನ್ನುತ್ತಿದ್ದರು. ಹೆಚ್ಚಿನವರು ಆಮೇಲೆ ಹೇಳುತ್ತೇವೆ ಅಂತ ಕಳಿಸುವರು. ಮಾಂಸ ಬೇಯಿಸಬಾರದು ಅಂತ ಷರತ್ತು ಹಾಕಿ ಕೊಟ್ಟವರೂ ಇದ್ದರು. ಆ ಮನೆಯಲ್ಲಿ ಇದ್ದಷ್ಟು ದಿನ ನಾವು ಕ್ರಿಸ್‌ಮಸ್ಸಿಗೂ ಅದನ್ನು ಮೀರಲಿಲ್ಲ. 2022ರಲ್ಲಿ ಮತಾಂತರದ ಕಾನೂನು ಬಂದ ಮೇಲೆ ಮನೆ ಕೇಳಿಕೊಂಡು ಹೋಗುವವರಿಗೆ ಇನ್ನಷ್ಟು ಪ್ರಶ್ನೆ ಎದುರಾಗುತ್ತವೆ ಅಂತ ಈಗಿನ ಸೇವಕರು ಹೇಳುತ್ತಾರೆ. ಮಾಲೀಕರ ಹೆದರಿಕೆ ನನಗೆ ಅರ್ಥವಾಗುತ್ತದೆ. ನಾಳೆ ಏನಾದರೂ ಗಲಾಟೆ ಆದರೆ ತಮ್ಮ ಮನೆ ಮುಂದೆ ಜನ ಸೇರುತ್ತಾರಲ್ಲ ಅನ್ನುವ ಹೆದರಿಕೆ ಅದು. ಆದರೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತ ಹೆಂಗಸಿಗೆ ಆ ಹೆದರಿಕೆಯ ವಿವರಣೆ ಕಟ್ಟಿಕೊಂಡು ಏನಾಗಬೇಕು?

ಹೊಸನಗರದ ಕಡೆ ಒಂದು ವರ್ಷ ಹೀಗೇ ಆಯಿತು. ಮೇ ತಿಂಗಳ ಕೊನೆ. ಇದ್ದ ಮನೆ ಬಿಡಲು ಹೇಳಿದ್ದರು, ಬೇರೆ ಮನೆ ಸಿಕ್ಕಿರಲಿಲ್ಲ. ಅಮ್ಮ ಹಾಲು ತರಲು ಹೋಗುತ್ತಿದ್ದ ಮನೆಯ ಅಜ್ಜಿ ವಿಷಯ ಕೇಳಿದರು. ಅವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಊರು, ಗದ್ದೆ, ತೋಟ ಎಲ್ಲ ಬಿಟ್ಟು ಎದ್ದು ಬಂದವರು. ಅಜ್ಜಿ ಜಾಸ್ತಿ ಮಾತಾಡುವವರಲ್ಲ. "ನಾವೂ ಮನೆ ಕಳ್ಕಂಡು ಬಂದವ್ರೇ ಅಲ್ದಾ ತಂಗಿ. ಮಳೆ ಹಿಡಿಯೋ ಹೊತ್ತಲ್ಲಿ ಮಕ್ಳನ್ನ ಕಟ್ಕಂಡು ಎಲ್ಲಿಗೆ ಅಂತ ಹೋಗ್ತೀರಿ? ಹಿಂದಿನ ಎರಡು ಕೋಣೆ ಖಾಲಿ ಉಂಟು, ಇರಿ" ಅಂದರು. ಅಪ್ಪ ಹೋಗಿ ನಾವು ಯಾರು, ಏನು ಅಂತ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ, ಸೌದೆ ತಂದುಕೊಂಡಿದ್ದೀರಾ ಅಂತ. ತಮ್ಮ ಸೌದೆ ರಾಶಿಯಲ್ಲೇ ಒಂದು ಪಾಲು ನಮಗೆ ತೋರಿಸಿದರು. ಅಲ್ಲಿ ನಾವು ಇದ್ದಷ್ಟು ಕಾಲ ಅವರ ಮನೆ ದೇವರ ದೀಪ ಅವರದ್ದು, ನಮ್ಮ ಪ್ರಾರ್ಥನೆ ನಮ್ಮದು. ಆ ಅಜ್ಜಿ ನಮ್ಮ ಸಭೆಗೆ ಒಂದು ದಿನವೂ ಬಂದವರಲ್ಲ. ನಮ್ಮನ್ನು ನೆನೆಯದೆ ಅವರು ಊಟ ಮಾಡಿದ ಹಬ್ಬವೂ ಇಲ್ಲ.

ಸೇವಕರ ಮನೆ ಪೂರ್ತಿ ಅವರ ಮನೆಯೂ ಆಗಿರುವುದಿಲ್ಲ. ದೇವಾಲಯದ ಕಟ್ಟಡ ಇಲ್ಲದ ಕಡೆ ಮನೆಯ ಹಾಲೇ ಸಭೆ. ಭಾನುವಾರ ಬೆಳಿಗ್ಗೆ ಬೇಗ ಏಳಬೇಕು, ಹಾಸಿಗೆ ಸುತ್ತಿ ಒಳಗೆ ಇಡಬೇಕು, ಮಂಚ ಎತ್ತಿ ಗೋಡೆಗೆ ಒರಗಿಸಬೇಕು, ಜಮಖಾನ ಹಾಸಬೇಕು. ಮಕ್ಕಳಿಗೆ ಜ್ವರ ಇದ್ದರೂ ಅಷ್ಟೇ, ಅಡುಗೆಮನೆಯಲ್ಲಿ ಮಲಗಿಸುವುದು. ಬಂದವರಿಗೆ ಟೀ, ದೂರದಿಂದ ಬಂದವರಿಗೆ ಊಟ. ವಾರದ ಮಧ್ಯೆಯೂ ಯಾರೋ ಕುಡಿದು ಹೊಡೆದ ಗಂಡನ ಕಥೆ ಹೇಳಿಕೊಂಡು ಅಳುತ್ತಾ ಬರುತ್ತಾರೆ, ಆಸ್ಪತ್ರೆಗೆ ಬಂದವರು ರಾತ್ರಿ ಉಳಿಯುತ್ತಾರೆ. ಅಮ್ಮ ಯಾರಿಗೂ ಇಲ್ಲ ಅಂದದ್ದನ್ನು ನಾನು ನೋಡಲಿಲ್ಲ. ಆದರೆ ಬಾಗಿಲು ಹಾಕಿಕೊಂಡು ಒಂದು ಗಳಿಗೆ ಕೂರುವ ಜಾಗ ಆ ಮನೆಯಲ್ಲಿ ಅವರಿಗೆ ಇರಲಿಲ್ಲ. ಹಾಡಿನ ಸದ್ದು ಜಾಸ್ತಿಯಾಯಿತು ಅಂತ ಪಕ್ಕದವರು ಮಾಲೀಕರಿಗೆ ಹೇಳಿದರೆ ಮತ್ತೆ ಗಂಟುಮೂಟೆ. ಅಮ್ಮ ಟ್ರಂಕಿನಿಂದ ಕೆಲವು ಸಾಮಾನು ಹೊರಗೆ ತೆಗೆಯುವುದನ್ನೇ ಬಿಟ್ಟರು. ಮದುವೆಯಲ್ಲಿ ತವರಿನವರು ಕೊಟ್ಟ ಪಿಂಗಾಣಿ ಕಪ್ಪು ಬಸಿಗಳು ಹಳೇ ಪಂಚೆಯಲ್ಲಿ ಸುತ್ತಿಕೊಂಡೇ ಊರಿಂದ ಊರಿಗೆ ಬಂದವು.

ಈ ಅಮ್ಮಂದಿರ ಹೆಸರು ಯಾವ ಸಂಬಳದ ಪಟ್ಟಿಯಲ್ಲೂ ಇರುವುದಿಲ್ಲ. ಸಂಡೇ ಸ್ಕೂಲ್ ಅವರೇ ನಡೆಸಬೇಕು, ಸ್ತ್ರೀಯರ ಕೂಟ ಅವರದ್ದೇ, ಸತ್ತ ಮನೆಗೆ ಮೊದಲು ಹೋಗುವವರೂ ಅವರೇ. ಗಂಡ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಹೆಂಡತಿಗೆ ಆ ಮನೆಯ ಮೇಲೆ ಯಾವ ಹಕ್ಕೂ ಇಲ್ಲ. ದುಃಖ ಆರುವ ಮುಂಚೆ ಮನೆ ಖಾಲಿ ಮಾಡುವ ಮಾತು ಬರುತ್ತದೆ. ಹೇಳುವವರು ಕೆಟ್ಟವರಲ್ಲ, ಹೊಸಬರಿಗೆ ಜಾಗ ಬೇಕಲ್ಲ. ಆದರೂ ಇದು ಅನ್ಯಾಯ. ನಾವು ಅದನ್ನು ಅನ್ಯಾಯ ಅಂತ ಕರೆಯಲು ಹಿಂಜರಿಯುತ್ತೇವೆ, ದೇವರು ನೋಡಿಕೊಳ್ಳುತ್ತಾನೆ ಅನ್ನುತ್ತೇವೆ.

ಮಕ್ಕಳ ಓದಿನ ಪ್ರಶ್ನೆ ಬಾಸೆಲ್ ಮಿಷನ್ನಿನ ಕಾಲದಿಂದ ಇನ್ನೂ ಮುಗಿದಿಲ್ಲ. ಹೊರದೇಶದವರು ತಮ್ಮ ಮಕ್ಕಳಿಗಾಗಿ 1901ರಲ್ಲಿ ಕೊಡೈಕೆನಾಲಿನಲ್ಲಿ ಶಾಲೆ ಮಾಡಿಕೊಂಡರು. ನಮ್ಮವರ ಮಕ್ಕಳಿಗಾಗಿ ತಿರುನೆಲ್ವೇಲಿ ಜಿಲ್ಲೆಯ ದೋಹ್ನಾವೂರಿನಲ್ಲಿ ಸಂತೋಷ ವಿದ್ಯಾಲಯ ಅನ್ನುವ ವಸತಿ ಶಾಲೆ ಇದೆ. ಪುಣ್ಯದ ಕೆಲಸ ಅದು. ಆದರೂ ಮಲೆನಾಡಿನಿಂದ ಬೆಂಗಳೂರು, ಅಲ್ಲಿಂದ ಮತ್ತೊಂದು ರಾತ್ರಿ ರೈಲು ಅಂತ ಚಿಕ್ಕ ಮಗುವನ್ನು ಬಿಟ್ಟು ಬರುವ ತಾಯಿಗೆ ಆ ಪ್ರಯಾಣ ಪ್ರತಿ ವರ್ಷ ಹೊಸದೇ. ಅಪ್ಪ ಅಮ್ಮ ನಮ್ಮನ್ನು ಜೊತೆಯಲ್ಲೇ ಇಟ್ಟುಕೊಂಡರು. ಅದರ ಬೆಲೆ ಬೇರೆ ಬಗೆಯದು. ತಮ್ಮನ ಟಿಸಿ ಪ್ರತಿ ಬಾರಿ ಮಧ್ಯೆ ವರ್ಷದಲ್ಲಿ ತೆಗೆಸಬೇಕಾಗುತ್ತಿತ್ತು. ಹೊಸ ಶಾಲೆಯಲ್ಲಿ ಹಿಂದಿನ ಬೆಂಚು. ಅವನು ಗೆಳೆಯರನ್ನು ಮಾಡಿಕೊಳ್ಳುವುದನ್ನೇ ನಿಲ್ಲಿಸಿದ ಒಂದು ವರ್ಷ ಇತ್ತು. ಕೇಳಿದರೆ "ಹೆಂಗೂ ಹೋಗ್ತೀವಲ್ಲ" ಅಂದಿದ್ದ. ಆ ಮಾತು ಕೇಳಿ ಅಪ್ಪ ಅವತ್ತು ಊಟ ಬಿಟ್ಟು ಎದ್ದರು.

ತ್ಯಾಗ ಬೇಡ ಅಂತ ನಾನು ಹೇಳುತ್ತಿಲ್ಲ. ಅಪ್ಪನ ಕರೆ ನಿಜವಾದದ್ದು, ಅಮ್ಮನ ನಂಬಿಕೆ ಅವರಿಗಿಂತ ಒಂದು ಕೈ ಮೇಲು. ತಮ್ಮ ಜೀವನ ವ್ಯರ್ಥವಾಯಿತು ಅಂತ ಇಬ್ಬರೂ ಯಾವತ್ತೂ ಅನ್ನಲಿಲ್ಲ, ನಾನೂ ಹಾಗೆ ಭಾವಿಸುವುದಿಲ್ಲ. ನನ್ನ ಜಗಳ ಇರುವುದು ಅವರ ತ್ಯಾಗವನ್ನು ಕೊಂಡಾಡಿ ಕೈತೊಳೆದುಕೊಳ್ಳುವ ನಮ್ಮ ಸಭೆಗಳ ಜೊತೆ. ಮನೆ ಮಠದ ಮಾತು ಲೌಕಿಕದ್ದು, ಸೇವಕರು ಅದನ್ನು ಎತ್ತಬಾರದು ಅನ್ನುವ ನಾಚಿಕೆಯನ್ನು ನಾವೇ ಅವರ ಮೇಲೆ ಹೊರಿಸಿದ್ದೇವೆ. ಬೈಬಲ್ ಹಾಗೆ ಹೇಳುವುದಿಲ್ಲ.

ಇಸ್ರಾಯೇಲಿನ ಕುಲಗಳಲ್ಲಿ ದೇವರ ಸೇವೆಗೇ ಮೀಸಲಾಗಿದ್ದ ಲೇವಿಯರನ್ನೇ ನೋಡಿ. ಅವರಿಗೆ ನಾಡಿನಲ್ಲಿ ಪಾಲಿಲ್ಲ, ಯೆಹೋವನೇ ಅವರ ಪಾಲು. ಈ ಭಾಗವನ್ನು ನಾವು ಪ್ರಸಂಗಗಳಲ್ಲಿ ಕೇಳುತ್ತಲೇ ಇರುತ್ತೇವೆ. ಬೈಬಲ್ಲಿನ ಅರಣ್ಯಕಾಂಡದ 35ನೇ ಅಧ್ಯಾಯವನ್ನು ಓದುವವರು ಕಡಿಮೆ. ಅಲ್ಲಿ ಅದೇ ಲೇವಿಯರಿಗೆ ವಾಸ ಮಾಡಲು 48 ಊರುಗಳನ್ನು ಬಿಟ್ಟುಕೊಡಬೇಕು ಅಂತ ಆಜ್ಞೆ ಇದೆ. ಸುಮ್ನೆ ಗೋಡೆ ಸೂರು ಮಾತ್ರ ಅಲ್ಲ, ಊರ ಸುತ್ತ ದನಕರು ಮೇಯಿಸಲು ಹುಲ್ಲುಗಾವಲು ಎಷ್ಟು ಇರಬೇಕು ಅಂತ ಮೊಳದ ಲೆಕ್ಕದಲ್ಲಿ ಹೇಳಿದೆ. ದೊಡ್ಡ ಕುಲ ಜಾಸ್ತಿ ಊರು ಕೊಡಬೇಕು, ಸಣ್ಣ ಕುಲ ಕಡಿಮೆ ಕೊಡಬೇಕು. ಹೊಲ ಗದ್ದೆಯ ಪಾಲು ಬಿಟ್ಟವರಿಗೆ ಮನೆಯ ಏರ್ಪಾಡು ಮಾಡುವ ಹೊಣೆ ಉಳಿದ ಎಲ್ಲ ಕುಲಗಳ ಮೇಲೆ ಬಿತ್ತು. ಶೂನೇಮ್ ಊರಿನ ಹೆಂಗಸು ಪ್ರವಾದಿ ಎಲೀಷನಿಗೆ ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿ ಮಂಚ, ಮೇಜು, ಕುರ್ಚಿ, ದೀಪಸ್ತಂಭ ಇಡಿಸಿದಳು. ಅವಳ ಪ್ರೀತಿ ಸಾಮಾನಿನ ಪಟ್ಟಿಯಲ್ಲಿದೆ. ಕ್ರಿಸ್ತನ ಸಂದೇಶ ಹೊತ್ತು ತಿರುಗಿದ ಪೌಲನು ರೋಮಿನಲ್ಲಿ ಬಾಡಿಗೆ ಮನೆಯಲ್ಲೇ ಇದ್ದ, ನಿಜ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ತಿರುಗುತ್ತಿದ್ದ ಪೇತ್ರನಂಥವರ ಹಕ್ಕಿನ ಬಗ್ಗೆ ವಾದ ಮಾಡಿದವನೂ ಅದೇ ಪೌಲ.

ಇನ್ನು ಬ್ಯಾಂಕಿನ ಕಡೆಯ ಮಾತು. ಸೇವಕರೊಬ್ಬರು ಐವತ್ತು ದಾಟಿದ ಮೇಲೆ ಸೈಟು ಕೊಳ್ಳಲು ಸಾಲ ಕೇಳಿಕೊಂಡು ಬರುತ್ತಾರೆ. ಸ್ಯಾಲರಿ ಸ್ಲಿಪ್ ಇಲ್ಲ, ಫಾರ್ಮ್ 16 ಇಲ್ಲ, ಐಟಿ ರಿಟರ್ನ್ ಹಾಕಿಲ್ಲ. ನಂಬಿಕೆಯ ಸೇವೆ ಅಂದರೆ ನಿಗದಿತ ಸಂಬಳ ಇಲ್ಲ, ಕಾಣಿಕೆ ಬಂದಷ್ಟು. ಹಾಗಾಗಿ ತೋರಿಸಲು ಆದಾಯವಿಲ್ಲ. ಬಾಡಿಗೆ ಕರಾರು ಮಾಡುವುದು 11 ತಿಂಗಳಿಗೆ, ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ ಅಂತ. ಎಷ್ಟೋ ಮಾಲೀಕರು ಇವರಿಗೆ ಅದನ್ನೂ ಬರೆದುಕೊಡುವುದಿಲ್ಲ. ಕರಾರು ಇಲ್ಲದಿದ್ದರೆ ವಿಳಾಸಕ್ಕೆ ದಾಖಲೆ ಇಲ್ಲ, ಆಧಾರ್ ಹಳೇ ಊರಿನದ್ದು, ರೇಷನ್ ಕಾರ್ಡು ಅದಕ್ಕೂ ಹಿಂದಿನ ಊರಿನದ್ದು. ಅಷ್ಟು ಹೊತ್ತಿಗೆ ಸಾಲ ತೀರಿಸಲು ಉಳಿದ ವರ್ಷಗಳೂ ಕಡಿಮೆ. ಅರ್ಜಿ ತಿರುಗಿಸಿ ಕೊಡುವಾಗ ನನಗೆ ಎದುರು ಕೂತವರ ಮುಖ ನೋಡಲು ಆಗುವುದಿಲ್ಲ. ಮೂವತ್ತರ ವಯಸ್ಸಿನಲ್ಲಿ ಯಾರಾದರೂ ಇವರ ಜೊತೆ ಕೂತು ಲೆಕ್ಕ ಹೇಳಿದ್ದರೆ ಸಾಕಿತ್ತು.

ಆ ಲೆಕ್ಕ ದೊಡ್ಡದಲ್ಲ. ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗಿನ, ಆದಾಯ ತೆರಿಗೆ ಕಟ್ಟದವರು ಸೇರಬಹುದು. 30ನೇ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 577 ರೂಪಾಯಿ ಕಟ್ಟುತ್ತಾ ಹೋದರೆ 60 ಆದ ಮೇಲೆ ತಿಂಗಳಿಗೆ 5000 ರೂಪಾಯಿ ಪಿಂಚಣಿ. ಅವರು ಇಲ್ಲದ ಕಾಲಕ್ಕೆ ಅಷ್ಟೇ ಹಣ ಹೆಂಡತಿಗೆ ಬರುತ್ತದೆ. ಹೆಂಡತಿಯೂ ತನ್ನ ಹೆಸರಿನಲ್ಲಿ ಬೇರೆಯಾಗಿ ಸೇರಬಹುದು. 40 ದಾಟಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಇದೆ, 2009ರಿಂದ ಅದು ಸರ್ಕಾರಿ ನೌಕರರಲ್ಲದವರಿಗೂ ತೆರೆದಿದೆ. 5000 ರೂಪಾಯಿಗೆ ಮನೆ ಬಾಡಿಗೆಯೂ ಪೂರ್ತಿ ಹುಟ್ಟುವುದಿಲ್ಲ ಅಂತ ನನಗೂ ಗೊತ್ತು. ಆದರೆ ಸೊನ್ನೆಗಿಂತ ಅದು ಎಷ್ಟೋ ವಾಸಿ. ಆ ಕಂತನ್ನು ಸೇವಕರ ಕೈಯಿಂದ ಕಟ್ಟಿಸಬಾರದು, ಸಭೆ ಕಟ್ಟಬೇಕು. ತಿಂಗಳ ಕೊನೆಗೆ ಮಕ್ಕಳ ಫೀಸೋ ಕಂತೋ ಅಂತ ಬಂದರೆ ಕಂತೇ ನಿಲ್ಲುತ್ತದೆ.

ಸೇವಕರಿಗೆ ಉಚಿತ ಮನೆ ಕೊಟ್ಟಿದ್ದೇವಲ್ಲ ಅಂತ ಕಮಿಟಿಯವರು ಹೇಳುವುದುಂಟು. ಕೊಟ್ಟಿದ್ದಾರೆ, ಒಳ್ಳೆಯದೇ. ಆದರೆ ಬೇರೆ ಕೆಲಸದಲ್ಲಿರುವವರು ಬಾಡಿಗೆ ಭತ್ಯೆ ತೆಗೆದುಕೊಂಡು, ಅದಕ್ಕೆ ಇನ್ನಷ್ಟು ಸೇರಿಸಿ, ಮೂವತ್ತು ವರ್ಷದಲ್ಲಿ ಒಂದು ಮನೆ ಮಾಡಿಕೊಳ್ಳುತ್ತಾರೆ. ಸಭೆಯ ಮನೆಯಲ್ಲಿ ಇದ್ದವರಿಗೆ ಆ ಮೂವತ್ತು ವರ್ಷದಿಂದ ಒಂದು ಇಟ್ಟಿಗೆಯೂ ಉಳಿಯುವುದಿಲ್ಲ. ಸಭೆಯ ಮನೆ ಕೊಟ್ಟ ಕಡೆಯೂ ಸೇವಕರ ಹೆಸರಿನಲ್ಲಿ ತಿಂಗಳಿಗೆ ಒಂದಿಷ್ಟು ಬೇರೆಯಾಗಿ ಕೂಡಿಡಬೇಕು ಅನ್ನುವುದು ನನ್ನ ವಾದ. ಆ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಮುಂದೆ ಅದರಿಂದ ಸೈಟು ಕೊಂಡರೆ ಪತ್ರದಲ್ಲೂ ಇಬ್ಬರ ಹೆಸರು ಇರಬೇಕು. ಗಂಡ ಸತ್ತರೆ ಹೆಂಡತಿ ಮಕ್ಕಳಿಗೆ ಶಾಲೆಯ ವರ್ಷ ಮುಗಿಯುವವರೆಗಾದರೂ ಅದೇ ಮನೆಯಲ್ಲಿ ಇರುವ ಹಕ್ಕು ಬರಹದಲ್ಲಿ ಇರಬೇಕು. ಬಾಯಿ ಮಾತಿನ ಭರವಸೆ ಕಮಿಟಿ ಬದಲಾದ ದಿನ ಹೋಗುತ್ತದೆ.

ನಮ್ಮ ಅಪ್ಪ ಅಮ್ಮ ಈಗ ನನ್ನ ಜೊತೆ ಶಿವಮೊಗ್ಗದಲ್ಲಿದ್ದಾರೆ. ನನಗೆ ಕೆಲಸ ಸಿಕ್ಕಿತು, ಮನೆ ಮಾಡಿದೆ, ಅವರಿಗೆ ಒಂದು ಕೋಣೆ ಆಯಿತು. ಎಲ್ಲ ಸೇವಕರ ಮಕ್ಕಳಿಗೂ ಹಾಗೆ ಕೂಡಿಬರುವುದಿಲ್ಲ. ಮಕ್ಕಳು ನೋಡಿಕೊಳ್ಳುತ್ತಾರೆ ಬಿಡು ಅಂತ ಸಭೆ ಅಂದುಕೊಳ್ಳುವುದು ಸರಿಯೂ ಅಲ್ಲ. ಮಕ್ಕಳೂ ಆಗಲೇ ತಮ್ಮ ಪಾಲು ಕೊಟ್ಟಾಗಿದೆ.

ಇದನ್ನೆಲ್ಲ ನಮ್ಮ ಸಭೆಯ ವಾರ್ಷಿಕ ಮೀಟಿಂಗಿನಲ್ಲಿ ಮಾತಾಡಬೇಕು ಅಂತ ಬರೆದು ಕೊಟ್ಟಿದ್ದೇನೆ. ನಾವು ಕಾಣಿಕೆ ಕಳಿಸುವ ಒಂದು ಸುವಾರ್ತಿಕ ಕುಟುಂಬ ತೀರ್ಥಹಳ್ಳಿಯಿಂದ ಆಚೆ ಇದೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಪಿಂಚಣಿಯ ಕಂತನ್ನು ಸಭೆಯ ಬಜೆಟ್ಟಿನಲ್ಲಿ ಸೇರಿಸಬೇಕು ಅನ್ನುವುದು ಮೊದಲನೇ ಬೇಡಿಕೆ. ಅದು ಚರ್ಚೆಯಾಗಿ ನಿರ್ಧಾರ ಆಗಲು ಸ್ವಲ್ಪ ಕಾಲ ಹಿಡಿಯಬಹುದು, ವಿರೋಧ ಮಾಡುವವರೂ ಇದ್ದಾರೆ. ಅಲ್ಲಿಯವರೆಗೆ ಕಾಯಲಾಗದ ಕೆಲಸ ಒಂದಿದೆ. ಅವರಿರುವ ಮನೆಯ ಹೆಂಚು ಹೋದ ವರ್ಷ ಕೈಯಾಡಿಸಿಲ್ಲ, ಮಕ್ಕಳು ಮಲಗುವ ಕೋಣೆಯೇ ಸೋರುತ್ತದೆ. ಮಾಲೀಕರ ಹತ್ತಿರ ಮಾತಾಡಿದ್ದೇನೆ, ಹೆಂಚು ಅವರು ಕೊಡಿಸುತ್ತಾರಂತೆ, ಕೂಲಿ ನಾವು ಕೊಡಬೇಕು. ಕೆಲಸದವರು ಮೇ ಎರಡನೇ ವಾರ ಬರಲು ಒಪ್ಪಿದ್ದಾರೆ. ನಾಲ್ಕು ಮನೆಯವರು ದುಡ್ಡು ಕೊಟ್ಟಾಗಿದೆ, ಇನ್ನು ಇಬ್ಬರು ಮೂವರು ಸೇರಿದರೆ ಜಗಲಿಯ ಸೋಗೆಯ ಖರ್ಚೂ ಹುಟ್ಟುತ್ತದೆ.